ಬಣ್ಣ ಬಿಡ್ರಿ, ಸಿಲ್ ನೋಡ್ರಿ
ಇವತ್ತ ಗಬ್ಬೂರ ಬೈಪಾಸ್ ಕಡೆ ಗ್ಯಾರೇಜಿಗೆ ಒಂದ ಕೆಂಪು ಎಂಜಿಬಿ, ಅಂದ್ರ ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ಬಂದಿತ್ತು. ಛತ್ತ ಬಿಚ್ಚೋ ಗಾಡಿ.
‘ಭಾಳ ರೇರ್ ಐತ್ರಿ’ ಅಂತ ಮಾರಾವ.

ಜಿಟಿ, ಅಂದ್ರ ಗಟ್ಟಿ ಛತ್ತ ಇರೋ ಎಂಜಿಬಿ, ಅದನ್ನೂ ಹಿಡದು 1962ರಿಂದ 1980ರ ತನಕ ಐದು ಲಕ್ಷಕ್ಕೂ ಮಿಕ್ಕಿ ತಯಾರಾಗ್ಯಾವ. ನಮ್ಮ ಕಡೆ ಕಾಣೂದು ಕಡಿಮಿ, ಅಷ್ಟ.

ಛತ್ತ ಇಲ್ಲದ್ದಕ್ಕ ಬಾಡಿ ಗಟ್ಟಿ ನಿಲ್ಲೂದು ಬಾಗಲದ ಕೆಳಗಿನ ಸಿಲ್ ಮ್ಯಾಲೆ. ಜಾಕ್ ಹಚ್ಚಿ ಎತ್ರಿ. ಬಾಗಲದ ಹಿಂದಿನ ಸಂದಿ ಸಣ್ಣದಾಗಿ ಬಾಗಲಾ ಹಿಡಕೊಂಡ್ರ, ಒಳಗ ತುಕ್ಕು ತಿಂದೈತಿ ಅಂತನ ತಿಳೀರಿ. ಆಮ್ಯಾಲೆ ಅಯಸ್ಕಾಂತ ಹಚ್ರಿ, ಹಿಡೀಲಿಲ್ಲಂದ್ರ ಅಲ್ಲಿ ಬರೇ ಪುಟ್ಟಿ.

ಚಾಸಿ ನಂಬರ್ ಜಿಎಚ್‌ಎನ್ ಅಂತ ಸುರು ಆದ್ರ ಮೂಲದಾಗ ಓಪನ್ ಗಾಡಿ. ಜಿಎಚ್‌ಡಿ ಇದ್ರ ಜಿಟಿ, ಛತ್ತ ಕೊಯ್ದಾರ. ಅದಕ್ಕ ರೊಕ್ಕ ಸುರೀಬ್ಯಾಡ್ರಿ.

1974ರ ತನಕದ ಕ್ರೋಮ್ ಬಂಪರ್ ಇದ್ರ ಬೆಲಿ ಜಾಸ್ತಿ. ಬಟ್ಟಿ ಟಾಪ್ ಹರದಿದ್ರ ಚಿಂತಿಲ್ಲ, ಹೊಸಾದು ಸಿಗತೈತಿ.