ಗೆದ್ದಲು ಹಿಡಿದ ಕಲ್ಲು

"ಈ ಕಲ್ಲಿಗೆ ಗೆದ್ದಲು ಹಿಡಿದಿದೆ, ನೋಡು" ಎಂದು ಅಮ್ಮ ಹೇಳಿದ್ದು ಕಳೆದ ಭಾನುವಾರ, ಅಡುಗೆಮನೆಯ ಕಟ್ಟೆಗೆ ಕಲ್ಲು ಆರಿಸಲು ಹೋಗಿದ್ದಾಗ. ಅಂಗಡಿಯ ಹುಡುಗ ನಕ್ಕು, "ಹಂಗಲ್ಲ ಅಮ್ಮಾ, ಇಟಾಲಿಯನ್ ಮಾರ್ಬಲ್ಲು, ತೂತೇ ಇದರ ಡಿಸೈನು" ಎಂದ. ಇಬ್ಬರಲ್ಲಿ ನಿಜಕ್ಕೆ ಹತ್ತಿರವಿದ್ದವರು ಯಾರು ಎಂಬ ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಜೊತೆಗೆ ಬಂದಿದ್ದ ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಒಡೆದ ತುಂಡೊಂದನ್ನು ಮೊಳೆಯಿಂದ ಗೀರಿದರು. ಗ್ರಾನೈಟಾಗಿದ್ದರೆ ಮೊಳೆಯ ಕಬ್ಬಿಣವೇ ಬೂದು ಗೆರೆಯಾಗಿ ಅಂಟುತ್ತಿತ್ತು. ಇಲ್ಲಿ ಬಿಳಿ ಪುಡಿ ಉದುರಿತು. ಅದರ ಮೇಲೆ ನಿಂಬೆಹಣ್ಣು ಹಿಂಡಿದಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದವು. "ಸುಣ್ಣದ ಕಲ್ಲು. ಹುಣಸೆಹುಳಿ ಬಿದ್ದ ಕಡೆಯೆಲ್ಲ ಮಂಕಾಗುತ್ತದೆ" ಎಂದಷ್ಟೇ ಹೇಳಿದರು.

ಆದರೆ ಅಮೃತಶಿಲೆಯೂ ನಿಂಬೆರಸಕ್ಕೆ ಗುಳ್ಳೆಯೇಳುತ್ತದೆ. ಭೂಮಿಯ ಆಳದ ಶಾಖ, ಒತ್ತಡಗಳಲ್ಲಿ ಸುಣ್ಣದ ಕಲ್ಲು ಮತ್ತೆ ಹರಳುಗಟ್ಟಿ ಅಮೃತಶಿಲೆಯಾಗುವುದರಿಂದ, ಅದನ್ನು ಒಡೆದರೆ ಸಕ್ಕರೆಯಂತೆ ಮಿನುಗುವ ಕಣಗಳು ಕಾಣುತ್ತವೆ. ನನ್ನ ಕೈಯಲ್ಲಿದ್ದ ತುಂಡಿನಲ್ಲಿ ಆ ಮಿನುಗಿರಲಿಲ್ಲ. ಕೆನೆ ಮತ್ತು ಕಂದು ಬಣ್ಣದ ಪಟ್ಟಿಗಳಿದ್ದವು, ತೂತುಗಳು ಆ ಪಟ್ಟಿಗಳ ಜಾಡಿನಲ್ಲೇ ಉದ್ದುದ್ದಕ್ಕೆ ಸಾಲುಗಟ್ಟಿದ್ದವು. ಇದು ಟ್ರಾವರ್ಟೈನ್. ಸುಣ್ಣವನ್ನು ಕರಗಿಸಿಕೊಂಡ ಬುಗ್ಗೆಯ ನೀರು ಹೊರಗೆ ಬಂದೊಡನೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಪದರಪದರವಾಗಿ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ನಮ್ಮ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಬಹುಮಟ್ಟಿಗೆ ಇದೇ. ರೋಮ್ ಬಳಿಯ ಟಿವೋಲಿಯಲ್ಲಿ, ಅಂದರೆ ಹಳೆಯ ಟಿಬುರ್‌ನಲ್ಲಿ, ಬಿಸಿನೀರ ಬುಗ್ಗೆಗಳು ಹೀಗೆ ಕಟ್ಟಿದ ಕಲ್ಲಿಗೆ ಆ ಊರಿನಿಂದಲೇ ಹೆಸರು ಬಂದಿತು, ಕ್ರಿ.ಶ. 80ರಲ್ಲಿ ಉದ್ಘಾಟನೆಗೊಂಡ ಕೊಲೋಸಿಯಂನ ಹೊರಗೋಡೆಯೂ ಅದರದೇ.

ತೂತುಗಳಲ್ಲಿ ಕೆಲವು ಅನಿಲದ ಗುಳ್ಳೆಗಳು ಬಿಟ್ಟುಹೋದ ಜಾಗ. ಇನ್ನು ಕೆಲವು, ಬುಗ್ಗೆಯ ಬದಿಯಲ್ಲಿ ಬೆಳೆದ ಪಾಚಿ, ಜೊಂಡುಗಳ ಮೇಲೆ ಸುಣ್ಣ ಕವಿದು, ಒಳಗಿನ ಗಿಡ ಕೊಳೆತುಹೋದ ಮೇಲೆ ಉಳಿದ ಟೊಳ್ಳು. ಹಾಗಾದರೆ ಅಮ್ಮನ ಮಾತು ಪೂರ್ತಿ ತಪ್ಪಲ್ಲ: ಗೆದ್ದಲು ಕೊರೆದಿರಲಿಲ್ಲ, ಆದರೆ ಜೀವವಿದ್ದದ್ದೊಂದು ಅಲ್ಲಿ ಇದ್ದು ಹೋಗಿತ್ತು. ಹುಡುಗ ಸುಳ್ಳುಗಾರನೆಂದು ನಾನು ಹೇಳಲಾರೆ. ತಿಳಿಬಣ್ಣದ ಕಲ್ಲುಗಳೆಲ್ಲಕ್ಕೂ ಒಂದೇ ಹೆಸರನ್ನು ಕಲಿಸಿಕೊಟ್ಟ ವ್ಯಾಪಾರ ಅವನದು. ಹೆಸರು ಕೇಳಿದೊಡನೆ ತಲೆಯಾಡಿಸಿದ ನಾನು ಕಲ್ಲನ್ನೇ ನೋಡಿರಲಿಲ್ಲ. ಹೆಸರು ಗೊತ್ತಿಲ್ಲದ ಅಮ್ಮ ನೋಡಿದ್ದಳು.

ಕಟ್ಟೆಗೆ ಕಪ್ಪು ಗ್ರಾನೈಟ್ ಗೊತ್ತಾಯಿತು. ಮೇಸ್ತ್ರಿ ಗೀರಿದ ತುಂಡು ಈಗ ದೇವರ ಕೋಣೆಯಲ್ಲಿದೆ; ಅದರ ತೂತೊಂದಕ್ಕೆ ಅಮ್ಮ ದಿನಾ ಎರಡು ಊದುಬತ್ತಿ ಸಿಕ್ಕಿಸುತ್ತಾಳೆ.