ಕಾಲು ಕಾಣುವ ಕಡೆ ಕುಳಿತುಕೊಳ್ಳಿ: ಮಂಗಳೂರಿನಲ್ಲೊಂದು ಆರ್ಗನ್ ಸಂಜೆ

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ. ಕೂಳೂರು ಸೇತುವೆ, ಕೊಟ್ಟಾರ ಚೌಕಿಯಲ್ಲಿ ವಾಹನ ಕಟ್ಟಿಕೊಂಡರೆ ಎರಡು ಗಂಟೆಯೂ ಆದೀತು. ಅಲ್ಲಿನ ಕ್ಲಬ್ಬೊಂದರಲ್ಲಿ ಸಂಜೆ ಏಳರ ಆರ್ಗನ್ ಕಾರ್ಯಕ್ರಮಕ್ಕೆ ಮಧ್ಯಾಹ್ನ ಮೂರಕ್ಕೇ ಬಸ್ ಹತ್ತಿದ್ದಕ್ಕೆ ಕಾರಣ ಉಂಟು. ಎಲೆಕ್ಟ್ರಾನಿಕ್ ಆರ್ಗನ್ ಜೋಡಿಸುವುದನ್ನು ನೋಡದೆ ಕೇಳಲು ಕುಳಿತರೆ ಅರ್ಧ ಸಂಗೀತ ಕೈತಪ್ಪಿದಂತೆ.

ಹಂಪನಕಟ್ಟೆಯಲ್ಲಿ ಇಳಿದು, ಲೈಟ್‌ಹೌಸ್ ಹಿಲ್ ಏರಿ, ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್‌ಗೆ ಒಂದು ಸುತ್ತು ಹಾಕಿ ಕ್ಲಬ್ ಮುಟ್ಟುವಾಗ ಐದೂಕಾಲು. ಹೆಂಚಿನ ಮಾಡಿನ ಸಣ್ಣ ಹಾಲ್. ಟೆಂಪೋದಿಂದ ಸಾಮಾನು ಇಳಿಯುತ್ತಿತ್ತು.

ನಮ್ಮ ಕಡೆ ಆರ್ಗನ್ ಎಂದರೆ ಇಗರ್ಜಿಯ (ಚರ್ಚಿನ) ವಾದ್ಯ, ಇಲ್ಲವೇ ಮದುವೆಗೆ ಮುನ್ನ ನಡೆಯುವ ರೋಸ್ ಶಾಸ್ತ್ರದಲ್ಲಿ ಸ್ಟ್ಯಾಂಡಿನ ಮೇಲೆ ಕೂರುವ ಕೀಬೋರ್ಡ್. ಇದು ಬೇರೆಯೇ. ಮೇಲೆ ಕೆಳಗೆ 61 ಮನೆಗಳ (ಬೆರಳಿಂದ ಒತ್ತುವ ಕೀಗಳ) ಎರಡು ಸಾಲು, ಕಾಲಡಿಗೆ 25 ಮರದ ಪೆಡಲ್, ಬಲಗಾಲಿಗೆ ಒಂದು ಎಕ್ಸ್‌ಪ್ರೆಶನ್ ಪೆಡಲ್. ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ, ಏರಿಳಿತವೆಲ್ಲ ಬಲಗಾಲಿನದು. ಹಾರ್ಮೋನಿಯಂ ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ, ಯಾಕೆಂದರೆ ಅಲ್ಲಿ ತಿದಿ ಒತ್ತುವ ಕೈಯ ಕೆಲಸವನ್ನೇ ಇಲ್ಲಿ ಕಾಲು ಮಾಡುತ್ತದೆ. ಪಿಯಾನೋದಿಂದ ಬಂದವರು ಮಾತ್ರ ಎಡವುತ್ತಾರೆ. ಬೆರಳೆತ್ತಿದ ಕ್ಷಣ ಸ್ವರ ನಿಂತುಹೋಗುವುದರಿಂದ, ಒಂದು ಮನೆ ಬಿಡುವ ಮೊದಲೇ ಮುಂದಿನದನ್ನು ಹಿಡಿದಿರಬೇಕು.

ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಆರ್ಗನ್ನಿನೊಳಗೆ ಹಲ್ಲಿನ ಉಕ್ಕಿನ ಚಕ್ರಗಳು ತಿರುಗಿ ಸ್ವರ ಹುಟ್ಟುತ್ತಿತ್ತು. ಹೆಸರಾಂತ ಬಿ-3 ಮಾದರಿಯಲ್ಲಿ ಅಂಥವು 91. ಅವನ್ನು ತಿರುಗಿಸುವ ಮೋಟರಿನ ವೇಗ ಕರೆಂಟಿನ ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಅದರ ಆವರ್ತನೆ ಎಷ್ಟೋ ಅದಕ್ಕೆ, ಕಟ್ಟುಬಿದ್ದದ್ದು. ಅಮೆರಿಕದ 60 ಹರ್ಟ್ಸ್ ವಾದ್ಯವನ್ನು ನಮ್ಮ 50 ಹರ್ಟ್ಸ್‌ಗೆ ಸಿಕ್ಕಿಸಿದರೆ ಇಡೀ ವಾದ್ಯ ಮೂರು ಮನೆಗೂ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿಮಾಡೀತು, ಹರ್ಟ್ಸ್ ಅಲ್ಲ. ಹಳೆಯ ವಾದ್ಯ ಕೊಳ್ಳುವವರು ಹಿಂದಿನ ಫಲಕದಲ್ಲಿ ಮೊದಲು ಓದಬೇಕಾದ ಅಂಕಿ ಅದು. ಜಪಾನಿನಲ್ಲಿ ಮಾರಿದ ಎಲೆಕ್ಟೋನ್‌ಗಳ (ಯಮಹಾ ಕಂಪನಿಯ ಎಲೆಕ್ಟ್ರಾನಿಕ್ ಆರ್ಗನ್‌ಗಳ) ಕಷ್ಟ ಬೇರೆ: ಅವು 100 ವೋಲ್ಟಿನವು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ 230ಕ್ಕೆ ಕೊಟ್ಟರೆ ಸುಟ್ಟೇಹೋಗುತ್ತವೆ. ಈ ಸಂಜೆಯದು ಡಿಜಿಟಲ್ ವಾದ್ಯವಾದ್ದರಿಂದ ಹರ್ಟ್ಸ್ ತಾಪತ್ರಯ ಇರಲಿಲ್ಲ.

ಆದರೆ ಲೆಸ್ಲಿ ಪೆಟ್ಟಿಗೆ, ಅಂದರೆ ಸದ್ದನ್ನು ಸುತ್ತ ತಿರುಗಿಸುವ ಸ್ಪೀಕರ್ ಪೆಟ್ಟಿಗೆ, ಅಸಲಿ ಮರದ್ದು. ಹಿಂದಿನ ಹಲಗೆ ತೆಗೆದಾಗ ಹತ್ತಿರ ಹೋಗಿ ನೋಡಿದರೆ, ಮೇಲೆ ಎರಡು ಕಪ್ಪು ಕಹಳೆ. ಸದ್ದು ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸಲು. ಕೆಳಗೆ ನೆಲಕ್ಕೆ ಮುಖ ಮಾಡಿದ ಬೇಸ್ ಸ್ಪೀಕರ್, ಅದರಡಿ ತಿರುಗುವ ಮರದ ಡ್ರಮ್. ವೇಗದ ಸ್ವಿಚ್ ಒತ್ತಿದರೆ ಹಗುರವಾದ ಕಹಳೆ ಒಂದೆರಡು ಸೆಕೆಂಡಿನಲ್ಲೇ ರಭಸ ಹಿಡಿಯುತ್ತದೆ. ಭಾರದ ಡ್ರಮ್‌ಗೆ ಇನ್ನೂ ನಾಲ್ಕಾರು ಸೆಕೆಂಡ್ ಬೇಕು. ಎರಡೂ ವೇಗಗಳು ಬೇರೆ ಬೇರೆ ಏರುವ ಆ ಹೊತ್ತಿನಲ್ಲೇ ಆರ್ಗನ್ನಿನ ನಿಜವಾದ ಚೆಂದ ಇರುವುದು. ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಒತ್ತಿಟ್ಟರೆ ಅದು ಸತ್ತಂತೆ. ಇಲ್ಲಿ ಎರಡಡಿ ಜಾಗ ಬಿಟ್ಟರು. ಕಹಳೆಗೆ ಎರಡು ಮೈಕ್, ಡ್ರಮ್‌ಗೆ ಒಂದು.

ಮೊದಲ ಸ್ವರಕ್ಕೇ ಗುಂಯ್ ಎಂಬ ಹಮ್ ಬಂತು. ಆರ್ಗನ್ ಒಂದು ಗೋಡೆಯ ಪ್ಲಗ್‌ನಲ್ಲಿ, ಸೌಂಡ್ ಮಿಕ್ಸರ್ ಎದುರು ಗೋಡೆಯದರಲ್ಲಿ ಇದ್ದದ್ದೇ ಕಾರಣ. ಎರಡರ ಅರ್ತಿಂಗ್ ಬೇರೆ. ಎರಡನ್ನೂ ಒಂದೇ ಬೋರ್ಡಿಗೆ ತಂದ ಮೇಲೆ ಹಮ್ ನಿಂತಿತು. ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಜೀವಕ್ಕೆ ಅಪಾಯ, ಖಂಡಿತ ಬೇಡ. ಉಳಿದ ಭರ್‌ಭರ್ ಸದ್ದು ಗಾಳಿಯದು. “ಮೈಕಿನ ಮೇಲಿನ ಫ್ಯಾನ್ ಒಂದು ಬಂದ್ ಮಾಡಿ ಮಾರಾಯ್ರೆ” ಎಂದರು ಸೌಂಡಿನವರು. ಆ ಸೆಕೆಗೂ ಯಾರೂ ಎದುರಾಡಲಿಲ್ಲ.

ಕುರ್ಚಿ ಹಿಡಿಯುವುದಾದರೆ ವಾದಕರ ಎಡಬದಿಯಲ್ಲಿ, ಪೆಡಲ್ ಕಾಣುವಂತೆ. ಮೊದಲು ವಾಲ್ಟ್ಜ್, ಮೂರು ಪೆಟ್ಟಿನ ತಾಳದ ಕುಣಿತದ ಸಂಗೀತ. ಒಂದನೇ ಪೆಟ್ಟಿಗೆ ಎಡಗಾಲು ಬೇಸ್ ಒತ್ತುತ್ತದೆ, ಎರಡು ಮೂರಕ್ಕೆ ಕೆಳಸಾಲಿನಲ್ಲಿ ಎಡಗೈ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು), ಮೇಲಿನ ಸಾಲಿನಲ್ಲಿ ಬಲಗೈ ಹಾಡು. ಪಕ್ಕದ ಪೆಡಲ್‌ಗೆ ಹೋಗುವಾಗ ವಾದಕರು ಪಾದ ಎತ್ತಲಿಲ್ಲ. ಕಾಲ್ಬೆರಳಿನ ತುದಿಯಿಂದ ಹಿಮ್ಮಡಿಗೆ ಭಾರ ಬದಲಿಸಿದರು, ಅಷ್ಟೆ. ತೆಳು ಅಟ್ಟೆಯ ಚರ್ಮದ ಶೂ ಇದಕ್ಕೇ. ರಬ್ಬರ್ ಅಟ್ಟೆ ಪೆಡಲಿಗೆ ಕಚ್ಚಿಕೊಳ್ಳುತ್ತದೆ, ಬೆವರಿದ ಬರಿಗಾಲೂ ಹಾಗೆಯೇ.

ಸ್ವರದ ಬಣ್ಣ ಒಂಬತ್ತು ಡ್ರಾಬಾರ್‌ಗಳಲ್ಲಿದೆ, ಅಂದರೆ ಹೊರಗೆ ಎಳೆದು ಒಳಗೆ ತಳ್ಳುವ ಪಟ್ಟಿಗಳಲ್ಲಿ. ಪ್ರತಿಯೊಂದನ್ನೂ 0ಯಿಂದ 8ರವರೆಗೆ ಎಳೆಯಬಹುದು. ಮೊದಲ ಮೂರನ್ನು ಪೂರ್ತಿ ಎಳೆದು ಉಳಿದವನ್ನು ಒಳಗೆ ತಳ್ಳಿದರೆ ದುಂಡು, ತುಂಬಿದ ನಾದ. ಹಳೆಯ ಕೊಂಕಣಿ ಹಾಡುಗಳಿಗೆ ಹೊಂದಿದ್ದು ಅದೇ. ಕುಣಿಸುವ ಬೈಲಾ ಹಾಡು ಶುರುವಾದಾಗ ಒಂಬತ್ತೂ ಹೊರಗೆ ಬಂದವು. ಮಾಡಿನಡಿ ಆ ಚೂಪು ಸ್ವರ ತುಸು ಹೆಚ್ಚೇ ಆಯಿತು. ಕೊನೆಯ ಎರಡನ್ನು ಅರ್ಧ ತಳ್ಳಿದ್ದರೆ ಸಾಕಿತ್ತು. ಒಂದು ಡ್ರಾಬಾರ್ ಎಳೆಯುವಾಗ ಕರಕರ ಎಂದಿತು. ಕಡಲ ತೇವಕ್ಕೆ ಕಾಂಟ್ಯಾಕ್ಟ್ ಕಿಲುಬು ಹಿಡಿದರೆ ಹೀಗಾಗುತ್ತದೆ. ಕರೆಂಟ್ ತೆಗೆದು ಹತ್ತಾರು ಸಲ ಒಳಗೆ ಹೊರಗೆ ಆಡಿಸಿದರೆ ಬಹುಪಾಲು ಸರಿಹೋಗುತ್ತದೆ. ಮಳೆಗಾಲದಲ್ಲಿ ವಾದ್ಯವನ್ನು ವಾರಕ್ಕೊಮ್ಮೆಯಾದರೂ ಹಚ್ಚಿ ಬೆಚ್ಚಗಿಡಬೇಕು.

ಉಡುಪಿಗೆ ಮರಳುವವರು ಕೊನೆಯ ಎಕ್ಸ್‌ಪ್ರೆಸ್ ಎಷ್ಟಕ್ಕೆಂದು ಬರುವಾಗಲೇ ಕಂಡಕ್ಟರರನ್ನು ಕೇಳಿಡಿ. ಒಂಬತ್ತಕ್ಕೆ ನಾವು ಏಳುವಾಗ ಲೆಸ್ಲಿಯ ಕಹಳೆ ಅಲುಗದಂತೆ ಬಟ್ಟೆ ತುರುಕುತ್ತಿದ್ದರು. ಪೆಟ್ಟಿಗೆ ಟೆಂಪೋದಲ್ಲಿ ನಿಂತೇ ಹೋಗಬೇಕು, ಮಲಗಿಸುವಂತಿಲ್ಲ.