ಆ ನೀಲಿ ಸ್ಕ್ರೀನ್ ಬಂದಾಗ ಎದ್ದು ಹೋಗಬೇಡಿ

ಶನಿವಾರ ಇಡೀ ದಿನ ಮಾನಿಟರ್ ಹಿಂದೆ ಬಿದ್ದಿದ್ದೆ. ನಿಮಗೂ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಲಿನಕ್ಸ್ ಇದೆ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ. ಡ್ರೈವರ್ ಹಾಕುವಾಗ ನಡುವೆ ಒಂದು ಹೊಸ ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಎರರ್ ಏನೂ ಬರಲಿಲ್ಲ. ರೀಬೂಟ್ ಕೊಟ್ಟು ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು. ಆದರೆ ಎಚ್‌ಡಿಎಂಐಗೆ ಹಾಕಿದ್ದ ಮಾನಿಟರ್ ಕಪ್ಪಗಿತ್ತು. ನಿನ್ನೆವರೆಗೆ ಚೆನ್ನಾಗೇ ಇತ್ತು! ಕೇಬಲ್ ಬದಲಿಸಿದೆ. ಬೂಟ್ ಮೆನು ಗ್ರಬ್‌ನಲ್ಲಿ ನೋಮೋಡ್‌ಸೆಟ್ ಅನ್ನೋ ಆಪ್ಷನ್ ಸೇರಿಸಿದೆ, ತೆಗೆದೆ. ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಓಡಿಸಿದರೆ ಡ್ರೈವರ್ ಸಿಗುತ್ತಿಲ್ಲ ಅನ್ನೋ ಒಂದೇ ಉತ್ತರ.

ಸಂಜೆ ಹೊತ್ತಿಗೆ ಡ್ರೈವರನ್ನು ನಾನೇ ಲೋಡ್ ಮಾಡೋಣ ಅಂತ 'ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ' ಕೊಟ್ಟು ನೋಡಿದೆ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂತ ಬಂತು, ಅಂದರೆ ಡ್ರೈವರ್‌ಗೆ ಸಹಿ ಹಾಕಿದ ಕೀಯನ್ನು ಒಪ್ಪಲಿಲ್ಲ. ಅಲ್ಲಿಗೆ ಗಂಟು ಸಿಕ್ಕಿತು.

ಸೆಕ್ಯೂರ್ ಬೂಟ್ (ನಂಬದ ಕೋಡ್ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ, ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು, ಅಂದರೆ ಡ್ರೈವರ್ ತುಣುಕನ್ನು, ಉಬುಂಟುವಿನ ತಿರುಳಾದ ಕರ್ನಲ್ ಒಳಗೆ ಬಿಡುವುದಿಲ್ಲ. ಡಿಕೆಎಂಎಸ್ ಅನ್ನೋ ಟೂಲ್ ನಮ್ಮ ಮಷಿನ್‌ನಲ್ಲೇ ಡ್ರೈವರ್ ಕಂಪೈಲ್ ಮಾಡಿ, ಅಲ್ಲೇ ತಯಾರಾದ ಕೀಯಿಂದ ಸಹಿ ಹಾಕುತ್ತದೆ. 'ಈ ಕೀ ನನ್ನದೇ, ನಂಬು' ಅಂತ ನಾವು ಒಂದು ಸಲ ಎದುರಿಗೆ ಕೂತು ಹೇಳಬೇಕು. ರೀಬೂಟ್ ಆದ ಕೂಡಲೇ ಬರುವ ನೀಲಿ ಸ್ಕ್ರೀನ್ ಇರುವುದೇ ಅದಕ್ಕೆ, ಡ್ರೈವರ್ ಹಾಕುವಾಗ ಕೇಳಿದ ಪಾಸ್‌ವರ್ಡ್ ಕೂಡ ಅದಕ್ಕೇ. ಆ ಸ್ಕ್ರೀನ್ ಕಾಯುವುದು 10 ಸೆಕೆಂಡ್ ಮಾತ್ರ, ಆಮೇಲೆ ಸುಮ್ನೆ ಬೂಟ್ ಆಗಿಬಿಡುತ್ತದೆ. ನಾನು ಆಗ ಕಾಫಿ ಹತ್ತಿರ ಇದ್ದೆ. ಇನ್ನೊಂದು ಕಡೆ, ಡ್ರೈವರ್ ಪ್ಯಾಕೇಜ್ ಅದುವರೆಗೆ ಕಾರ್ಡನ್ನು ನಡೆಸುತ್ತಿದ್ದ ಹಳೇ ನೂವೋ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿತ್ತು, ಅಂದರೆ ಲೋಡ್ ಆಗದಂತೆ ತಡೆದಿತ್ತು. ಹಳೇದೂ ಇಲ್ಲ, ಹೊಸದೂ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಪೋರ್ಟ್ ಇರುವುದು ಆ ಕಾರ್ಡಿಗೇ, ಮತ್ತೆ ಮಾನಿಟರ್ ಹೇಗೆ ಬರಬೇಕು, ಅಲ್ವಾ?

ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಜಾಸ್ತಿ ಜನ ಹೇಳುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಎರಡು ನಿಮಿಷದ ಕೆಲಸಕ್ಕೆ ಬಾಗಿಲೇ ತೆಗೆದಿಡುವುದು ನನಗೆ ಸರಿ ಕಾಣಲಿಲ್ಲ. ಇಂಥ ಕೀಗಳನ್ನು ಸೇರಿಸುವ ಮೋಕ್‌ಯುಟಿಲ್ ಕಮಾಂಡ್‌ಗೆ ಇಂಪೋರ್ಟ್ ಆಪ್ಷನ್ ಕೊಟ್ಟು, ಶಿಮ್-ಸೈನ್ಡ್ ಫೋಲ್ಡರ್ ಒಳಗಿನ ಕೀ ಫೈಲ್ ತೋರಿಸಿ, ಹೊಸ ಪಾಸ್‌ವರ್ಡ್ ಇಟ್ಟು ರೀಬೂಟ್ ಮಾಡಿದೆ. ಈ ಸಲ ಕುರ್ಚಿ ಬಿಟ್ಟು ಏಳಲಿಲ್ಲ. ನೀಲಿ ಸ್ಕ್ರೀನ್ ಬಂದ ಕೂಡಲೇ ಕೀಬೋರ್ಡ್‌ನಲ್ಲಿ ಯಾವುದೋ ಒಂದು ಬಟನ್ ಒತ್ತಿ, ಎನ್‌ರೋಲ್ ಮೋಕ್ (ಮೋಕ್ ಅಂದರೆ ಮಷಿನ್ ಓನರ್ ಕೀ), ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಅಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತದೆ, ಹಾಗಾಗಿ ಪಾಸ್‌ವರ್ಡ್‌ನಲ್ಲಿ ವಿಚಿತ್ರ ಚಿಹ್ನೆಗಳು ಬೇಡ.

ಲಾಗಿನ್ ಸ್ಕ್ರೀನ್ ಎರಡೂ ಕಡೆ ಬಂತು. ಆಮೇಲೆ ಕರ್ನಲ್ ಅಪ್‌ಡೇಟ್ ಕೂಡ ಆಗಿದೆ, ಡಿಕೆಎಂಎಸ್ ಅದೇ ಕೀಯಿಂದ ಮತ್ತೆ ಸಹಿ ಹಾಕಿಕೊಂಡಿತು, ನನ್ನನ್ನು ಏನೂ ಕೇಳಲಿಲ್ಲ.